ಸ್ವಂತ ಇಸ್ಪೀಟ್ ಕಟ್ಟು ಮಾಡಿಸ್ತೀರಾ? ಮೊದಲು ಹಿಂಬದಿ ನೋಡಿಕೊಳ್ಳಿ

ಅಪ್ಪನಿಗೆ 60 ತುಂಬಿತು. ಡೊಂಬಿವಲಿಯ ಮನೆಯಲ್ಲೇ ಶಾಂತಿ ಇಟ್ಟುಕೊಂಡಿದ್ದೆವು, ಬಂದವರಿಗೆಲ್ಲ ಒಂದೊಂದು ಇಸ್ಪೀಟ್ ಕಟ್ಟು ಕೊಡೋಣ ಅಂತ ನನಗೆ ಹೊಳೆಯಿತು. ನಾವು ಕುಂದಾಪುರ ಕಡೆಯವರು. ಅಪ್ಪನಿಗೆ ಇರುವುದು ಎರಡೇ ಹುಚ್ಚು, ಯಕ್ಷಗಾನ ಮತ್ತು ರಮ್ಮಿ. ಹಾಗಾಗಿ ಎಲೆಯ ಹಿಂಬದಿಗೆ ಬಿಲ್ಲು ಹಿಡಿದ ಅರ್ಜುನನ ವೇಷ, ಸುತ್ತ ಕಡುಗೆಂಪು, ಅಂಚಿಗೆ ಎಳೆಯಷ್ಟು ಬಿಳಿ ಗೆರೆ. ಮೊಬೈಲ್‌ನಲ್ಲಿ ನೋಡಿದರೆ ದೃಷ್ಟಿ ತಾಗುವ ಹಾಗಿತ್ತು. 50 ಕಟ್ಟಿಗೆ ಆರ್ಡರ್ ಕೊಟ್ಟೆ.

ಶಾಂತಿಯ ಹಿಂದಿನ ರಾತ್ರಿ ಎರಡು ಕಟ್ಟು ಒಡೆದು ರಮ್ಮಿಗೆ ಕೂತೆವು. ಮೂರನೇ ಆಟದಲ್ಲಿ ಮಾವ ನನ್ನ ಕೈಯಲ್ಲಿದ್ದ ಎಲೆಯ ಬೆನ್ನಿಗೆ ಬೆರಳು ತೋರಿಸಿ, "ಅದು ಆಟೀನ್ ರಾಣಿ ಅಲ್ದಾ ಮಾರಾಯ?" ಅಂದರು. ಹೌದು, ಅದೇ!

ಆದದ್ದು ಇಷ್ಟೇ. ದೊಡ್ಡ ಹಾಳೆಯಲ್ಲಿ ಎಲೆಗಳನ್ನು ಸಾಲಾಗಿ ಪ್ರಿಂಟ್ ಮಾಡಿ ಆಮೇಲೆ ಕತ್ತರಿಸುತ್ತಾರೆ, ಆಗ ಒಂದು ಕೂದಲು ಜರುಗಿದರೂ ಬಿಳಿ ಅಂಚು ಒಂದು ಕಡೆ ದಪ್ಪ, ಇನ್ನೊಂದು ಕಡೆ ಮಾಯ. ಆ ರಾಣಿ ಹಾಳೆಯಲ್ಲಿ ಒಂದೇ ಜಾಗದಲ್ಲಿ ಕೂರುವುದರಿಂದ ಎರಡೂ ಕಟ್ಟಿನಲ್ಲಿ ಅವಳದ್ದು ಒಂದೇ ಸೊಟ್ಟ. ಅಂಚು ಬೇಕೇ ಬೇಕು ಅಂದರೆ ದಪ್ಪಗೆ ಇಡಿ, ಅರ್ಧ ಮಿಲಿಮೀಟರ್ ಆಚೀಚೆ ಆದರೂ ಅಷ್ಟು ಕಾಣುವುದಿಲ್ಲ. ಅಂಚೇ ಬೇಡ ಅಂದರೆ ಚಿತ್ರವನ್ನು ನಾಲ್ಕೂ ಕಡೆ ಕತ್ತರಿಸುವ ಗೆರೆಯಿಂದ 3 ಮಿಲಿಮೀಟರ್ ಹೊರಗೆ ಚಾಚಿಸಿ, ಆದರೆ ಕಡುಬಣ್ಣವಾದರೆ ನಾಲ್ಕು ದಿನ ಆಡುವಷ್ಟರಲ್ಲಿ ಮೂಲೆ ಸವೆದು ಬಿಳಿ ಚುಕ್ಕೆ ಏಳುತ್ತದೆ, ಆಗಲೂ ಅದೇ ಕಥೆ.

ಇದಕ್ಕಿಂತ ದೊಡ್ಡ ಪೆಟ್ಟು ಅರ್ಜುನನದ್ದು. ಅವನಿಗೆ ತಲೆ ಒಂದೇ ಕಡೆ ಅಲ್ವಾ? ತಂಗಿಯ ಮಗ, ಹತ್ತು ವರ್ಷದ ಪೋರ, ಎಲೆ ಜೋಡಿಸುವ ನೆಪದಲ್ಲಿ ಎಕ್ಕಗಳನ್ನಷ್ಟೇ ತಲೆಕೆಳಗೆ ಮಾಡಿಟ್ಟಿದ್ದ. ಎಷ್ಟು ಕಲಸಿದರೂ ತಲೆಕೆಳಗಾದ ಅರ್ಜುನ ಬಂದನೆಂದರೆ ಎಕ್ಕ ಬಂತು ಅಂತಲೇ ಲೆಕ್ಕ. ರಾಜ, ರಾಣಿ, ಗುಲಾಮರಿಗೆ ಎರಡೂ ಕಡೆ ತಲೆ ಇರುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ, ಹಿಂಬದಿಗೂ ಅದೇ ಬೇಕು ಅಂತ ನನ್ನ ಮಂಡೆಗೆ ಹೋಗಲಿಲ್ಲ. ಪ್ರಿಂಟರ್ ಕೂಡ ಬಾಯಿಬಿಡಲಿಲ್ಲ. ಕೇಳಿದರೆ, "ನೀವು ಕೊಟ್ಟಿದ್ದನ್ನೇ ಅಲ್ವಾ ಹಾಕಿದ್ದು" ಅಂದ.

ಸರಿ ಮಾಡಲು ಹೋಗಿ ಇನ್ನೊಮ್ಮೆ ಎಡವುತ್ತಿದ್ದೆ. ಅರ್ಧ ಚಿತ್ರವನ್ನು ಕಂಪ್ಯೂಟರ್‌ನಲ್ಲಿ ಕನ್ನಡಿಯ ಹಾಗೆ ಕೆಳಕ್ಕೆ ಮಗುಚಿದೆ. ಇಬ್ಬರು ಅರ್ಜುನರ ಬಿಲ್ಲೂ ಎಡಗಡೆಗೇ ಬಂತು, ಎಲೆ ತಿರುಗಿಸಿದರೆ ಎರಡೂ ಬಲಕ್ಕೆ! ಮಗುಚುವುದಲ್ಲ, 180 ಡಿಗ್ರಿ ತಿರುಗಿಸಬೇಕು. ಆಗ ಒಂದು ಬಿಲ್ಲು ಎಡಕ್ಕೆ, ಒಂದು ಬಲಕ್ಕೆ. ಮನೆಯ ಪ್ರಿಂಟರ್‌ನಲ್ಲೇ ಎರಡು ಪ್ರತಿ ತೆಗೆದು, ಒಂದನ್ನು ತಿರುಗಿಸಿ ಪಕ್ಕ ಇಟ್ಟು ನೋಡಿ, ಐದು ನಿಮಿಷದ ಕೆಲಸ.

ಇನ್ನು ಬಣ್ಣ. ಮೊಬೈಲಿನ ಕೆಂಪು ಕಾಗದದ ಮೇಲೆ ಇಟ್ಟಿಗೆ ಬಣ್ಣವಾಗಿ ಬಂತು, ಅದನ್ನು ಬಿಡಿ. ಪ್ರಿಂಟರ್ ಕಳಿಸುವ ಒಂದು ಎಲೆಯ ಫೋಟೋ ನೋಡಿ ಮಾತ್ರ ಸರಿ ಅನ್ನಬೇಡಿ. ದುಡ್ಡು ಜಾಸ್ತಿ ಆದರೂ ಪರವಾಗಿಲ್ಲ, ಪೂರ್ತಿ ಒಂದು ಕಟ್ಟು ಮಾಡಿಸಿಕೊಂಡು, ಕಲಸಿ, ಮನೆಯವರನ್ನು ಕೂರಿಸಿ ಒಂದು ರಾತ್ರಿ ಆಡಿ ನೋಡಿ. ನಮ್ಮ ಮಾವನಂಥವರು ಒಬ್ಬರಿದ್ದರೆ ಇನ್ನೂ ಒಳ್ಳೆಯದು.

ಉಳಿದ 48 ಕಟ್ಟು ಅಟ್ಟದ ಮೇಲಿದೆ. ಯಾರಿಗೂ ಕೊಡಲಿಲ್ಲ. ತಂಗಿಯ ಮಗ ಮಾತ್ರ ಎರಡು ಕೇಳಿದ್ದಾನೆ, ಶಾಲೆಯ ಗೆಳೆಯರ ಜೊತೆ ಆಡಲಿಕ್ಕಂತೆ.