ನಾರಾ ಊರು ಎರಡು ಸಲ: ಬಸ್ ಟೂರ್‌ನಲ್ಲೊಮ್ಮೆ, ಹೋಸ್ಟ್ ಮನೆಯವರ ಜೊತೆ ಇನ್ನೊಮ್ಮೆ

2018ರ ನವೆಂಬರ್‌ನಲ್ಲಿ ಸಾಂಸ್ಕೃತಿಕ ವಿನಿಮಯದ ತಂಡದ ಜೊತೆ ಹತ್ತು ದಿನ ಜಪಾನಿಗೆ ಹೋಗಿದ್ದೆ. ಉಳಿದುಕೊಂಡಿದ್ದು ಕ್ಯೋಟೊದ ಒಂದು ಮನೆಯಲ್ಲಿ. ಗಂಡ, ಹೆಂಡತಿ, ಎಂಟು ವರ್ಷದ ಮಗಳು. ಆ ಹತ್ತು ದಿನದಲ್ಲಿ ಹತ್ತಿರದ ನಾರಾ ಊರನ್ನು ಎರಡು ಸಲ ನೋಡುವ ಹಾಗಾಯಿತು. ಮೊದಲು ತಂಡದ ಬಸ್ಸಿನಲ್ಲಿ, ನಾಲ್ಕು ದಿನ ಬಿಟ್ಟು ಈ ಮನೆಯವರ ಜೊತೆ. "ಆಗಲೇ ನೋಡಿಬಿಟ್ಟೆ" ಅನ್ನಲು ಬಾಯೇ ಬರಲಿಲ್ಲ.

ಬಸ್ಸಿನವರನ್ನು ಸುಮ್ನೆ ಬೈಯುವುದು ಸುಲಭ. ಆದರೆ ಗೈಡ್ ಹೇಳಿದ್ದರಿಂದಲೇ ನನಗೆ ವಿಷಯ ತಿಳಿಯಿತು. ತೋದಾಯ್‌ಜಿ ದೇವಾಲಯದ ದೊಡ್ಡ ಬುದ್ಧನ ಎತ್ತರ ಸುಮಾರು 15 ಮೀಟರ್. 752ರಲ್ಲಿ ಆ ಮೂರ್ತಿಗೆ ಕಣ್ಣು ಬರೆದವನು ಭಾರತದಿಂದ ಹೋಗಿದ್ದ ಬೋಧಿಸೇನ ಎಂಬ ಭಿಕ್ಷು! ಮರದ ಕಟ್ಟಡ ಎರಡು ಸಲ ಯುದ್ಧದಲ್ಲಿ ಸುಟ್ಟುಹೋಗಿ, ಈಗಿರುವುದು 1709ರಲ್ಲಿ ಮುಗಿದದ್ದು. ಅಲ್ಲಿಂದ ಕಸುಗಾ ತೈಶಾ ಎಂಬ ಶಿಂಟೋ ಧರ್ಮದ ದೇಗುಲ. ಸಾಲು ಸಾಲು ಕಲ್ಲಿನ ದೀಪಗಳು. ಇನ್ನೇನು ಮನಸ್ಸು ನಿಂತಿತು ಅನ್ನುವಾಗ ಗೈಡ್ ಬಾವುಟ ಮೇಲೆತ್ತಿದರು. ಬಸ್ಸಿಗೆ ಹೊತ್ತಾಯಿತು.

ಮನೆಯವರ ಜೊತೆ ಹೋದದ್ದು ರೈಲಿನಲ್ಲಿ. ಸ್ಟೇಷನ್ನಿನಿಂದ ದೇವಾಲಯ ತಲುಪಲು ಎರಡು ಗಂಟೆ ಬೇಕಾಯಿತು. ನಡುವೆ ಜಿಂಕೆಗಳಿವೆ ನೋಡಿ! ಅವಕ್ಕೆಂದೇ ಮಾರುವ ಬಿಸ್ಕತ್ತು ತೋರಿಸಿದರೆ ತಲೆ ಬಾಗಿಸುತ್ತವೆ, ಕೊಡಲು ತಡ ಮಾಡಿದರೆ ಅಂಗಿ ಹಿಡಿದು ಎಳೆಯುತ್ತವೆ. ಚಿಕ್ಕವಳಿದ್ದಾಗ ಶಾಲೆಯ ಪ್ರವಾಸಕ್ಕೆ ಬಂದಿದ್ದೆ, ಜಿಂಕೆ ನನ್ನ ನಕ್ಷೆಯನ್ನೇ ತಿಂದುಹಾಕಿತ್ತು ಅಂತ ಆ ಮನೆಯ ಅಮ್ಮ ನಕ್ಕರು. ನಾನು ಅವರನ್ನು ಒಕಾಸಾನ್ ಅಂತಲೇ ಕರೆಯುತ್ತಿದ್ದೆ, ಅಂದರೆ ಅಮ್ಮ. ತೋದಾಯ್‌ಜಿಯ ಒಳಗೆ ಒಂದು ಕಂಬದ ಬುಡದಲ್ಲಿ ಬುದ್ಧನ ಮೂಗಿನ ಹೊಳ್ಳೆಯಷ್ಟು ಅಗಲದ ತೂತು ಇದೆ. ಮಗಳು ಅದರೊಳಗೆ ಸಲೀಸಾಗಿ ತೂರಿ ಆಚೆ ಬಂದು, ಈಗ ನೀವು ಅಂತ ನನಗೆ ಸನ್ನೆ ಮಾಡಿದಳು. ನನ್ನ ಭುಜ ನೋಡಿ ಅವಳಪ್ಪನೇ ಬೇಡ ಅಂದರು. ಬಸ್ಸಿನಲ್ಲಿ ಬಂದಾಗ ಆ ಕಂಬದ ಪಕ್ಕದಲ್ಲೇ ನಡೆದುಹೋಗಿದ್ದೆ.

ಹಾಗಂತ ಎಲ್ಲ ಚೆಂದವೇ ಅಲ್ಲ. ಬೋಧಿಸೇನನ ಹೆಸರು ಅವರಿಗೆ ಗೊತ್ತಿರಲಿಲ್ಲ, ನಾನೇ ಫೋನಿನ ಅನುವಾದದಲ್ಲಿ ಹೇಳಬೇಕಾಯಿತು. ಕಸುಗಾ ತೈಶಾಗೆ ಇನ್ನೊಮ್ಮೆ ಹೋಗೋಣ ಅಂತ ಆಸೆ ಇತ್ತು, ಮಗುವಿಗೆ ಸುಸ್ತಾಯಿತು, ಅಲ್ಲಿಗೇ ಮುಗಿಯಿತು. ಇನ್ನು ಖರ್ಚಿನ ಮುಜುಗರ. ಟಿಕೆಟ್, ಊಟ ಯಾವುದಕ್ಕೂ ನನ್ನ ಪರ್ಸ್ ತೆಗೆಯಲು ಬಿಡಲಿಲ್ಲ. ಬೇರೆಯವರ ಮನೆಯಲ್ಲಿದ್ದು ನನ್ನ ಇಷ್ಟ ಇದು ಅಂತ ಗಟ್ಟಿಯಾಗಿ ಹೇಳುವುದು ಕಷ್ಟ, ಅಲ್ವಾ?

ಆದರೂ ನನ್ನ ಓಟು ಮನೆಯವರಿಗೇ. ಬಸ್ ಟೂರ್ ಮೊದಲು ಮುಗಿದಿದ್ದರೆ ಇನ್ನೂ ಒಳ್ಳೆಯದು, ನೋಡಲೇಬೇಕಾದದ್ದರ ಚಿಂತೆ ಇರುವುದಿಲ್ಲ. ಬಸ್ ಇಲ್ಲದಿದ್ದರೆ, ಇದೊಂದು ಜಾಗ ಬಿಡಬಾರದು ಅಂತ ಮನೆಯವರಿಗೆ ಮೊದಲ ದಿನವೇ ಹೇಳಿಬಿಡಿ. ಕೊನೆಯ ದಿನ ಹೇಳಿದರೆ ಅವರಿಗೇ ಬೇಜಾರು.

ಮೂರನೆಯ ದಾರಿ ಒಬ್ಬರೇ ಹೋಗುವುದು. ಕ್ಯೋಟೊದಲ್ಲೇ ಇರುವ ಫುಶಿಮಿ ಇನಾರಿ ದೇಗುಲ ಇದಕ್ಕೆ ಸರಿಯಾದ ಜಾಗ. ಟಿಕೆಟ್ ಇಲ್ಲ, ಹಗಲು ರಾತ್ರಿ ತೆರೆದೇ ಇರುತ್ತದೆ, ಕೆಂಪು ಕಮಾನುಗಳ ಕೆಳಗೆ 233 ಮೀಟರ್ ಎತ್ತರದ ಬೆಟ್ಟ ಹತ್ತುತ್ತಾ ಹೋಗಬಹುದು. ಬೆಳಗಿನ ಆರಕ್ಕೆ ಹೋದೆ, ಜನವೇ ಇರಲಿಲ್ಲ. ನಿಜವಾಗಿ ಒಬ್ಬಳೇ ಹೋದೆ ಅನ್ನಲೂ ಆಗದು. ನಾನು ಚಪ್ಪಲಿ ಮೆಟ್ಟುವಷ್ಟರಲ್ಲಿ ಒಕಾಸಾನ್ ಎದ್ದು, ಎರಡು ಅನ್ನದುಂಡೆ ಕಟ್ಟಿ, ಇಳಿಯಬೇಕಾದ ಸ್ಟೇಷನ್ನಿನ ಹೆಸರು ಚೀಟಿಯಲ್ಲಿ ಬರೆದು ಕೈಗಿಟ್ಟಿದ್ದರು.