ಅಂಗನವಾಡಿಗೆ ಏನಾದ್ರೂ ಕೊಡ್ಬೇಕು ಅನ್ನೋರು ಒಂದ್ಸಲ ಸ್ಟೋರಿವೀವರ್ ನೋಡಿ

ನಮ್ಮಜ್ಜಿ ಊರು ಟಿ. ನರಸೀಪುರ ತಾಲ್ಲೂಕು. ನಮ್ಮ ರಾಜ್ಯದಲ್ಲಿ ಅಂಗನವಾಡಿ ಶುರುವಾಗಿದ್ದೇ ಆ ತಾಲ್ಲೂಕಲ್ಲಿ, 1975ರ ಅಕ್ಟೋಬರ್ 2ಕ್ಕೆ, 100 ಕೇಂದ್ರದಿಂದ. ಅಜ್ಜಿ ಬೀದೀಲಿರೋ ಅಂಗನವಾಡಿಗೆ ನಾವು ಐದು ಜನ ಫ್ರೆಂಡ್ಸ್ ಸೇರಿ ವರ್ಷವರ್ಷ ಏನಾದ್ರೂ ಕೊಡ್ತೀವಿ. ಮೊದಲ್ನೇ ವರ್ಷ ಪ್ಲಾಸ್ಟಿಕ್ ಆಟದ ಸಾಮಾನಿನ ಸೆಟ್ ತಂದ್ವಿ, ಹದಿನೈದು ದಿನಕ್ಕೆ ಚಕ್ರ ಒಂದ್ಕಡೆ ಗಾಡಿ ಒಂದ್ಕಡೆ. ಆಮೇಲಿನ ವರ್ಷ ಬ್ಯಾಗು, ಸ್ಲೇಟು. ಮೂರು ವರ್ಷದ ಮಗೂಗೆ ಅದರ ಬೆನ್ನಿಗಿಂತ ದೊಡ್ಡ ಬ್ಯಾಗ್ ಹಾಕಿ ಫೋಟೋ ತೆಗ್ದಿದ್ವಿ, ಅದನ್ನ ನೋಡಿದ್ರೆ ಈಗ್ಲೂ ಬೇಜಾರಾಗುತ್ತೆ.

ಈ ಸಲ ಸ್ಟೋರಿವೀವರ್‌ನಿಂದ ಕಥೆ ಪುಸ್ತಕ ಮಾಡಿಸಿ ಕೊಟ್ವಿ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯವರು 2015ರಲ್ಲಿ ಶುರು ಮಾಡಿದ ವೆಬ್‌ಸೈಟ್ ಇದು, 300ಕ್ಕೂ ಹೆಚ್ಚು ಭಾಷೇಲಿ ಮಕ್ಕಳ ಕಥೆ ಇದಾವೆ, ಕನ್ನಡದ್ದೂ ರಾಶಿ ಇದೆ, ಒಂದು ಪೈಸೆ ಕೊಡಂಗಿಲ್ಲ. ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಇರೋದ್ರಿಂದ ಡೌನ್‌ಲೋಡ್ ಮಾಡ್ಕೊಂಡು ಪ್ರಿಂಟ್ ಹಾಕ್ಸೋಕೆ ಯಾರ ಪರ್ಮಿಷನ್ನೂ ಬೇಡ, ಬರೆದೋರು ಚಿತ್ರ ಬಿಡಿಸಿದೋರ ಹೆಸರಿರೋ ಪುಟ ಮಾತ್ರ ದಯವಿಟ್ಟು ತೆಗೀಬೇಡಿ. ಓದೋ ಮಟ್ಟಕ್ಕೆ ತಕ್ಕಂಗೆ ನಾಲ್ಕು ಲೆವೆಲ್ ಇದೆ, ಅಂಗನವಾಡಿಗೆ ಲೆವೆಲ್ 1 ಸಾಕು. 250 ಪದ ದಾಟಲ್ಲ, ಪುಟಕ್ಕೆ ಒಂದೋ ಎರಡೋ ಸಾಲು, ಮಿಕ್ಕಿದ್ದೆಲ್ಲ ಚಿತ್ರ.

ಆದ್ರೆ ಅನುವಾದ ಯಾರು ಬೇಕಾದ್ರೂ ಮಾಡ್ಬಹುದಾದ್ರಿಂದ ಪ್ರಿಂಟ್ ಕೊಡೋ ಮುಂಚೆ ಜೋರಾಗಿ ಒಂದ್ಸಲ ಓದಿ ನೋಡಿ, ಬಾಯಲ್ಲಿ ಸಲೀಸಾಗಿ ಬಂದ್ರೆ ಇಟ್ಕೊಳಿ. ನಾನು ಅಜ್ಜಿಗೆ ಓದಿ ಹೇಳ್ದೆ, ಯಾವ್ದಕ್ಕೆ ಅಜ್ಜಿ "ಆಮೇಕೇನಾಯ್ತು ಮಗಾ" ಅಂತೋ ಅದನ್ನ ಆರಿಸ್ದೆ. ಹಂಗೆ ಹನ್ನೆರಡು ಕಥೆ ಸಿಕ್ತು. ದೊಡ್ಡ ಸೈಜಲ್ಲಿ ಕಲರ್ ಪ್ರಿಂಟ್, ದಪ್ಪ ಹಾಳೆ, ಸ್ಪೈರಲ್ ಬೈಂಡಿಂಗ್. ಇದೊಂದೇ ಖರ್ಚು, ಕಲರ್ ಪ್ರಿಂಟ್ ಸ್ವಲ್ಪ ಜಾಸ್ತೀನೇ ಬೀಳುತ್ತೆ, ಹೆಚ್ಚು ಕಾಪಿ ಬೇಕು ಅಂದ್ರೆ ಪ್ರಥಮ್ ಬುಕ್ಸ್‌ನವರು ಅಚ್ಚು ಹಾಕ್ಸಿರೋ ಪುಸ್ತಕಾನೇ ತರಿಸ್ಕೊಳಿ.

ತಗೊಂಡು ಹೋದ್ರೆ ಟೀಚರ್ ಒಳಗಿಟ್ಟು ಬಿಡೋಕೆ ಸೀದಾ ಬೀರು ಬಾಗಿಲು ತೆಗೆದ್ರು. "ಹರಿದಾಕ್ಬಿಡ್ತವೆ ಸಾರ್, ನಾಳೆ ಸೂಪರ್‌ವೈಸರ್ ಮೇಡಂ ಬಂದು ಕೇಳಿದ್ರೆ ನಾನೇನು ಹೇಳ್ಲಿ" ಅಂದ್ರು. ಅವರದ್ದೇನೂ ತಪ್ಪಿಲ್ಲ, ಸ್ಟಾಕ್ ರಿಜಿಸ್ಟರ್‌ಗೆ ಉತ್ತರ ಕೊಡ್ಬೇಕಾದೋರು ಅವ್ರೇ. ಹರಿದ್ರೆ ಮತ್ತೆ ಮಾಡಿಸ್ಕೊಡ್ತೀವಿ ಅಂತ ಒಪ್ಪಿಸಿ, ಕಿಟಕಿ ಸರಳಿಂದ ಬಾಗಿಲ ಮೊಳೆಗೆ ಮಕ್ಕಳ ಎದೆ ಮಟ್ಟಕ್ಕೆ ಒಂದು ಹಗ್ಗ ಕಟ್ಟಿ, ಬಟ್ಟೆ ಒಣಗಾಕೋ ಕ್ಲಿಪ್ಪಲ್ಲಿ ಹನ್ನೆರಡನ್ನೂ ನೇತಾಕಿದ್ವಿ.

ಒಂದು ನಾಕು ವರ್ಷದ ಹುಡುಗಿ ಕ್ಲಿಪ್ ಬಿಚ್ಚೋಕೆ ಬರ್ದೆ ಎಳ್ದೇ ತಗೊಂಡ್ಳು. ಪುಸ್ತಕ ತಲೆಕೆಳಗೆ ಹಿಡ್ಕೊಂಡು, ಪಕ್ಕ ಕೂತಿದ್ದ ತಮ್ಮಂಗೆ ಬೆರಳಿಟ್ಟು ತೋರಿಸ್ತಾ ಆನೆ ಸ್ನಾನಕ್ಕೋಯ್ತು, ಸೋಪು ಸಿಗ್ಲಿಲ್ಲ, ಅವರಮ್ಮ ಬೈದ್ರು ಅಂತ ತನ್ನದೇ ಕಥೆ ಕಟ್ಟಿ ಹೇಳ್ತಿದ್ಳು, ಆ ಪುಸ್ತಕದಲ್ಲಿ ಸೋಪೂ ಇಲ್ಲ ಅಮ್ಮಾನೂ ಇಲ್ಲ. ಆ ವಯಸ್ಸಿಗೆ ಓದೋದು ಅಂದ್ರೆ ಇದೇ, ಅ ಆ ಇ ಈ ತಿದ್ದಿಸೋಕೆ ಟೈಮಿದೆ.

ಮೊನ್ನೆ ಹೋದಾಗ ಎರಡು ಪುಸ್ತಕದ ಮೂಲೆಗೆ ಟೇಪ್ ಅಂಟಿಸಿತ್ತು. ಟೀಚರ್ರೇ ಅಂಟಿಸಿದ್ದು. ಇನ್ನೊಂದಾರು ಕೊಡಿ ಸಾರ್, ಇವೆಲ್ಲ ಬಾಯಿಪಾಠ ಆಗೋಗಿದೆ ಅಂದ್ರು. ಈ ವಾರ ಪ್ರಿಂಟ್‌ಗೆ ಕೊಡ್ತಿದ್ದೀನಿ.