ಪುಟ್ಟ ರೈಲಿಗೆ ಮೇಲ್ತಂತಿ: ಮೂರು ಬಗೆ ಕಟ್ಟಿ ನೋಡಿದ ಮೇಲೆ

ಬೆಂಗಳೂರು–ಮೈಸೂರು ಜೋಡಿ ಮಾರ್ಗ ವಿದ್ಯುದೀಕರಣಗೊಂಡು 2018ರಲ್ಲಿ ಲೋಕಾರ್ಪಣೆಯಾಯಿತು. ನನ್ನ ಮನೆಯ ಮಾದರಿ ಮಾರ್ಗ ಮಾತ್ರ ಡೀಸೆಲ್ ಕಾಲದಲ್ಲೇ ಉಳಿದಿತ್ತು. ಡಬ್ಲ್ಯೂಎಪಿ-7 ಎಂಬ ವಿದ್ಯುತ್ ಎಂಜಿನ್ನಿನ ಮಾದರಿಯನ್ನು ಹಳಿಗೆ ಇಳಿಸಿದ ದಿನ, ಅದರ ಪ್ಯಾಂಟೋಗ್ರಾಫ್ (ಮೇಲ್ತಂತಿಯನ್ನು ಮುಟ್ಟಿ ವಿದ್ಯುತ್ ಪಡೆಯಲೆಂದು ಎಂಜಿನ್ನಿನ ನೆತ್ತಿಯ ಮೇಲಿರುವ ಮಡಚುವ ಚೌಕಟ್ಟು) ಬರಿಯ ಗಾಳಿಗೆ ತೋಳೆತ್ತಿ ನಿಂತದ್ದನ್ನು ನೋಡಲು ಮನಸ್ಸಾಗಲಿಲ್ಲ. ಅಂದಿನಿಂದ ಒಂದೂವರೆ ವರ್ಷದಲ್ಲಿ ಮೂರು ಬಗೆಯ ಮೇಲ್ತಂತಿ ಕಟ್ಟಿದ್ದೇನೆ.

ನನ್ನದು 1:87 ಪ್ರಮಾಣದ, ಅಂದರೆ ನಿಜದ 87ರಲ್ಲಿ ಒಂದು ಪಾಲಿನ ಅಳತೆಯ, ಎಚ್‌ಒ ಎಂದು ಕರೆಯುವ ಮಾದರಿ. ಎಂಜಿನ್ನಿಗೆ ವಿದ್ಯುತ್ ಬರುವುದು ಹಳಿಯಿಂದಲೇ. ಮೇಲಿನ ತಂತಿಯಲ್ಲಿ ಏನೂ ಹರಿಯುವುದಿಲ್ಲ. ಹಾಗಿದ್ದರೂ ಪ್ಯಾಂಟೋಗ್ರಾಫ್ ತಂತಿಯನ್ನು ನಿಜವಾಗಿ ಸವರಿಕೊಂಡು ಹೋಗಬೇಕೇ, ಸವರಿದಂತೆ ಕಂಡರೆ ಸಾಕೇ ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು. ನನಗೆ ಸವರಲೇಬೇಕು. ಮುಂದೆ ಬರೆದಿರುವುದನ್ನೆಲ್ಲ ಆ ಹಟದ ಕಣ್ಣಿನಿಂದಲೇ ನೋಡಿದ್ದೇನೆ.

ಅಳತೆ ಹೀಗಿದೆ. ನಮ್ಮ ರೈಲ್ವೆಯಲ್ಲಿ ಪ್ಯಾಂಟೋಗ್ರಾಫ್ ಮುಟ್ಟುವ ಸಂಪರ್ಕ ತಂತಿ ಹಳಿಯಿಂದ ಸುಮಾರು ಐದೂವರೆ ಮೀಟರ್ ಎತ್ತರದಲ್ಲಿರುತ್ತದೆ. ಮಾದರಿಯಲ್ಲಿ ಅದು 63 ಮಿಲಿಮೀಟರ್. ನಿಜವಾದ ತಂತಿಯ ದಪ್ಪ 12 ಮಿಲಿಮೀಟರಿನಷ್ಟು. ಮಾದರಿಗೆ ಇಳಿಸಿದರೆ 0.14. ತಲೆಗೂದಲಿಗಿಂತ ಸ್ವಲ್ಪವೇ ದಪ್ಪ. ಅಷ್ಟು ತೆಳುವಾದದ್ದು ಪ್ಯಾಂಟೋಗ್ರಾಫಿನ ಸ್ಪ್ರಿಂಗ್ ಒತ್ತಡವನ್ನು ತಾಳಬೇಕು. ಕಷ್ಟವೆಲ್ಲ ಇಲ್ಲಿಂದಲೇ ಶುರು.

ಮೊದಲು ಕಟ್ಟಿದ್ದು ಸಿದ್ಧ ಕಂಬ, ಸಿದ್ಧ ತಂತಿ. ಜರ್ಮನಿಯ ಸೊಮ್ಮರ್‌ಫೆಲ್ಟ್, ವೀಸ್‌ಮನ್, ಮೆರ್ಕ್ಲಿನ್ ಸಂಸ್ಥೆಗಳು ಇಂಥವನ್ನು ತಯಾರಿಸುತ್ತವೆ. ಎರಡು ಕಂಬಗಳ ನಡುವಿನ ತಂತಿ, ಅದನ್ನು ಹೊತ್ತ ಮೇಲಿನ ತಂತಿ, ಇವೆರಡನ್ನೂ ಜೋಡಿಸುವ ಸಣ್ಣ ಲಂಬ ತಂತಿಗಳಾದ ಡ್ರಾಪರ್‌ಗಳು ಒಂದೇ ತುಂಡಾಗಿ ಬರುತ್ತವೆ. ಒಂದು ಭಾನುವಾರ ಬೆಳಿಗ್ಗೆ ಕುಳಿತವನು ಊಟದ ಹೊತ್ತಿಗೆ ನೇರ ಹಳಿಯನ್ನು ಮುಗಿಸಿದ್ದೆ. ಪ್ಯಾಂಟೋಗ್ರಾಫ್ ಎಲ್ಲಿಯೂ ತೊಡರಲಿಲ್ಲ. ಆದರೆ ತಂತಿ 0.7 ಮಿಲಿಮೀಟರ್ ದಪ್ಪ. ನಿಜದ ಲೆಕ್ಕಕ್ಕೆ ತಂದರೆ ಆರು ಸೆಂಟಿಮೀಟರಿನ ಸರಳು. ಕಂಬಗಳೂ ಯೂರೋಪಿನ ವಿನ್ಯಾಸದವು. ಶ್ರೀರಂಗಪಟ್ಟಣದ ಪ್ಲಾಟ್‌ಫಾರಂ ಮೇಲೆ ನಿಂತು ತಲೆಯೆತ್ತಿದಾಗ ಕಾಣುವ ಆ ಹಗುರ ಬಲೆ ಇದರಲ್ಲಿ ಕಾಣಲಿಲ್ಲ.

ಎರಡನೆಯದು ಎಲಾಸ್ಟಿಕ್ ಎಳೆ. ಮಾದರಿ ಕಟ್ಟುವವರಿಗೆಂದೇ ಸಿಗುವ, ಕೂದಲಿನಂತಹ ಕಪ್ಪು ಎಳೆಯಿದು. ನೋಟಕ್ಕೆ ಇದನ್ನು ಮೀರಿಸುವುದು ಯಾವುದೂ ಇಲ್ಲ. ಹಳಿ ಒರೆಸುವಾಗ ಕೈ ತಗುಲಿದರೆ ಬಾಗಿ, ಮತ್ತೆ ತನ್ನ ಜಾಗಕ್ಕೆ ಬಂದು ನಿಲ್ಲುತ್ತದೆ. ಆದರೆ ಪ್ಯಾಂಟೋಗ್ರಾಫ್ ಮುಟ್ಟಿದ ಕೂಡಲೇ ಎಳೆ ಮೇಲೇಳುತ್ತದೆ. ಹಾಗಾಗದಂತೆ ತಾಮ್ರದ ಸಣ್ಣ ತಂತಿಯಿಂದ ಪ್ಯಾಂಟೋಗ್ರಾಫನ್ನು ಒಂದು ಮಿಲಿಮೀಟರ್ ಕೆಳಗೇ ಕಟ್ಟಿಹಾಕಬೇಕು. ನಾನು ಕಟ್ಟಿದೆ. ಒಂದು ವಾರ ಓಡಿಸಿ ಬಿಚ್ಚಿದೆ.

ಮೂರನೆಯದು ಕೈಯಾರೆ ಬೆಸುಗೆ ಹಾಕಿದ್ದು: ಹಿತ್ತಾಳೆಯ ಕಂಬ, 0.4 ಮಿಲಿಮೀಟರಿನ ಫಾಸ್ಫರ್ ಬ್ರಾಂಜ್ ತಂತಿ. ಹಲಗೆಯ ಮೇಲೆ ಮೊಳೆ ಹೊಡೆದು ಅಚ್ಚು ಮಾಡಿಕೊಂಡು, ಅದರ ಮೇಲೆ ಎರಡು ತಂತಿಗಳನ್ನೆಳೆದು, ಡ್ರಾಪರ್‌ಗಳನ್ನು ಒಂದೊಂದಾಗಿ ಬೆಸೆಯಬೇಕು. ಒಂದು ಕಡೆ ಕಾಯಿಸಿದರೆ ಪಕ್ಕದ ಬೆಸುಗೆ ಕರಗಿ ಕಳಚುತ್ತದೆ. ಪಕ್ಕದ್ದರ ಮೇಲೆ ಒದ್ದೆ ಹತ್ತಿಯಿಟ್ಟು ಕಾಯಿಸುವುದನ್ನು ಆರೇಳು ತುಂಡುಗಳು ಹಾಳಾದ ಮೇಲೆ ಕಲಿತೆ. ಬೆಸೆದಾದ ಮೇಲೆ ತಂತಿಯ ಅಡಿಭಾಗವನ್ನು ನಯವಾದ ಎಮರಿ ಕಾಗದದಿಂದ ಉಜ್ಜಿ, ಉಗುರನ್ನು ಉದ್ದಕ್ಕೂ ಓಡಿಸಿ ನೋಡುತ್ತೇನೆ. ಉಗುರು ತಡೆದಲ್ಲಿ ಪ್ಯಾಂಟೋಗ್ರಾಫೂ ತಡೆಯುತ್ತದೆ.

ತಿರುವಿನಲ್ಲಿ ನನ್ನ ಲೆಕ್ಕ ತಪ್ಪಿತು. ಹಳಿ ಬಾಗುತ್ತದೆ, ತಂತಿ ಕಂಬದಿಂದ ಕಂಬಕ್ಕೆ ನೇರವಾಗಿಯೇ ಹೋಗುತ್ತದೆ. ನನ್ನ ತಿರುವಿನ ತ್ರಿಜ್ಯ 450 ಮಿಲಿಮೀಟರ್. ಕಂಬಗಳನ್ನು 300 ಮಿಲಿಮೀಟರಿಗೊಂದರಂತೆ ನೆಟ್ಟಿದ್ದೆ. ಅಷ್ಟು ಅಂತರಕ್ಕೆ ತಿರುವು 25 ಮಿಲಿಮೀಟರ್ ಬಾಗುತ್ತದೆ. ಪ್ಯಾಂಟೋಗ್ರಾಫಿನ ಇಡೀ ಅಗಲವೇ 20ರ ಆಸುಪಾಸು. ಅಕ್ಕನ ಮಗ ರೈಲು ಓಡಿಸುತ್ತಿದ್ದಾಗ ತಂತಿ ಪ್ಯಾಂಟೋಗ್ರಾಫಿನ ಅಂಚನ್ನು ದಾಟಿ ಕೆಳಗೆ ಸಿಕ್ಕಿಕೊಂಡಿತು. ಎಂಜಿನ್ ನಿಲ್ಲಲಿಲ್ಲ. ನಾಲ್ಕು ಸಂಜೆಗಳ ಕೆಲಸ ಕಿತ್ತು ಬರುವುದನ್ನು ಇಬ್ಬರೂ ನೋಡುತ್ತ ನಿಂತೆವು. ಈಗ ತಿರುವಿನಲ್ಲಿ 200 ಮಿಲಿಮೀಟರಿಗೊಂದು ಕಂಬವಿದೆ. ಬಾಗು 11ಕ್ಕೆ ಇಳಿಯಿತು. ಅದನ್ನು ಹಳಿಯ ನಡುಗೆರೆಯ ಎರಡೂ ಬದಿಗೆ ಹಂಚಿದರೆ ಐದೂವರೆಯಷ್ಟೇ.

ಬೇಸಿಗೆ ಇನ್ನೊಂದು ಪಾಠ ಹೇಳಿತು. ನನ್ನ ಕೋಣೆ ತಾರಸಿಯ ಕೆಳಗೇ ಇದೆ. ಎರಡೂ ತುದಿ ಬಿಗಿದ 400 ಮಿಲಿಮೀಟರ್ ತಂತಿ ಬಿಸಿಲಿಗೆ 0.1 ಮಿಲಿಮೀಟರ್ ಹಿಗ್ಗಿದರೂ ಸಾಕು, ಅಷ್ಟು ಸಡಿಲಕ್ಕೇ ನಡುವೆ ನಾಲ್ಕು ಮಿಲಿಮೀಟರಿನಷ್ಟು ಜೋಲುತ್ತದೆ. ರೈಲ್ವೆಯವರು ತುದಿಯಲ್ಲಿ ಭಾರ ತೂಗುಹಾಕಿ ತಂತಿಯನ್ನು ಸದಾ ಬಿಗಿಯಾಗಿಡುವುದು ಇದಕ್ಕೇ. ಕೊನೆಯ ಕಂಬದ ಹಿಂದೆ ನಾನು ಬಾಲ್ ಪೆನ್ನಿನ ಸ್ಪ್ರಿಂಗ್ ಕೂರಿಸಿದೆ. ಏಪ್ರಿಲ್ ಮಧ್ಯಾಹ್ನದಲ್ಲೂ ತಂತಿ ನೆಟ್ಟಗೇ ಇತ್ತು. ಸಿದ್ಧ ಸೆಟ್ಟಿನ ದಪ್ಪ ತಂತಿಗೆ ಈ ಉಪಾಯ ಬೇಕಾಗಲಿಲ್ಲ ಎಂಬುದನ್ನೂ ಹೇಳಬೇಕು.

ಖರ್ಚಿನಲ್ಲಿ ಕೈಕೆಲಸಕ್ಕೆ ಎದುರಿಲ್ಲ: ಹೊರದೇಶದಿಂದ ತರಿಸಿದ ಒಂದು ಕಂಬದ ಹಣದಲ್ಲಿ ನಾನು ಹತ್ತು ಮಾಡಿಕೊಂಡೆ. ಸಮಯದಲ್ಲಿ ಅದೇ ಎಲ್ಲಕ್ಕಿಂತ ದುಬಾರಿ. ಒಂದು ಮೀಟರಿಗೆ ಮೂರು ಸಂಜೆ ಬೇಕು.

ಮಕ್ಕಳು ದಿನವೂ ಓಡಿಸುವ ಮಾರ್ಗವಾದರೆ ಸಿದ್ಧ ಸೆಟ್ ಕೊಳ್ಳಿ ಎನ್ನುತ್ತೇನೆ. ಫೋಟೊಕ್ಕಾಗಿ ಕಟ್ಟುವವರಿಗೆ ಎಳೆಯೇ ಸರಿ. ನನ್ನ ಮುಖ್ಯ ಮಾರ್ಗದಲ್ಲಿ ಈಗ ಇರುವುದು ಬೆಸುಗೆಯ ತಂತಿ. ಯಾರ್ಡಿನ ಹಿಂಬದಿಯ ಎರಡು ಸಾಲಿನಲ್ಲಿ ಎಂಜಿನ್‌ಗಳು ಪ್ಯಾಂಟೋಗ್ರಾಫ್ ಇಳಿಸಿಯೇ ನಿಲ್ಲುತ್ತವೆ. ಅಲ್ಲಿ ಎಲಾಸ್ಟಿಕ್ ಎಳೆಯನ್ನು ಹಾಗೇ ಉಳಿಸಿಕೊಂಡಿದ್ದೇನೆ. ರಾತ್ರಿ ದೀಪ ಆರಿಸಿ, ಕಿಟಕಿಯ ಬೆಳಕಿಗೆ ಎಂಜಿನ್ ಬಿಟ್ಟರೆ ತಂತಿ ಪ್ಯಾಂಟೋಗ್ರಾಫಿನ ಮೇಲೆ ಎಡಕ್ಕೂ ಬಲಕ್ಕೂ ಮೆಲ್ಲನೆ ಸರಿದಾಡುವುದು ಕಾಣುತ್ತದೆ.